ಹಾರ್ಮೋನಿನಿಂದ ಬಾರದ ಧ್ವನಿ: ಜಿಲ್ಲಾಸ್ಪತ್ರೆಯಲ್ಲೇ ತರಬೇತಿ ಸಿಗಲಿ

ಮಾನ್ಯ ಸಂಪಾದಕರೇ,

ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯದ ಮಾತು ಬಂದಾಗಲೆಲ್ಲ ಚರ್ಚೆ ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನುಗಳ ಸುತ್ತಲೇ ನಡೆಯುತ್ತದೆ. ಟ್ರಾನ್ಸ್ ಮಹಿಳೆಯರಿಗೆ (ಹುಟ್ಟಿನಲ್ಲಿ ಗಂಡೆಂದು ಗುರುತಿಸಲಾದ ಹೆಣ್ಣುಮಕ್ಕಳಿಗೆ) ದಿನಕ್ಕೆ ಹತ್ತು ಸಲ ಅಡ್ಡಬರುವ ಧ್ವನಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡಿ ಹೆಸರು ಹೇಳಿದರೆ ‘ಖಾತೆದಾರರಿಗೇ ಫೋನ್ ಕೊಡಿ ಸರ್’ ಎನ್ನುತ್ತಾರೆ. ಬಾಡಿಗೆ ಮನೆಯ ಮಾತುಕತೆ ಮೊದಲ ಕರೆಯಲ್ಲೇ ಮುಗಿದುಹೋಗುತ್ತದೆ. ‘ನಾನು ಬಂದೆ’ ಎಂಬುದು ಕನ್ನಡದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಆದ್ದರಿಂದ, ಫೋನಿನ ಆ ಕಡೆ ಇರುವವರು ಬರೀ ದನಿ ಕೇಳಿಯೇ ಸರ್ ಅಥವಾ ಮೇಡಂ ಎಂದು ತೀರ್ಮಾನಿಸುತ್ತಾರೆ. ಧ್ವನಿ ಮತ್ತು ವಾಕ್ ಚಿಕಿತ್ಸೆಯಲ್ಲಿ ತೊಡಗಿರುವ ನಾವು ಈ ಬಗ್ಗೆ ಹೇಳಲೇಬೇಕಾದ ಕೆಲವು ವಿಷಯಗಳಿವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಈಸ್ಟ್ರೋಜೆನ್ ತೆಗೆದುಕೊಂಡರೆ ದನಿ ಹೆಣ್ಣಿನದಾಗುವುದಿಲ್ಲ. ಹರೆಯದಲ್ಲಿ ಟೆಸ್ಟೋಸ್ಟಿರಾನ್‌ನಿಂದ ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ. ಒಮ್ಮೆ ಬೆಳೆದದ್ದನ್ನು ಯಾವ ಮಾತ್ರೆಯೂ ಹಿಂದಕ್ಕೆ ಕುಗ್ಗಿಸದು. ಟ್ರಾನ್ಸ್ ಪುರುಷರ ವಿಷಯ ಬೇರೆ, ಟೆಸ್ಟೋಸ್ಟಿರಾನ್ ಶುರುವಾದ ಕೆಲವೇ ತಿಂಗಳಲ್ಲಿ ಅವರ ದನಿ ತಾನಾಗಿ ಇಳಿಯುತ್ತದೆ. ದನಿಗಾಗಿ ವೈದ್ಯರನ್ನು ಕೇಳದೆ ಹಾರ್ಮೋನು ಇಂಜೆಕ್ಷನ್‌ನ ಪ್ರಮಾಣ ಹೆಚ್ಚಿಸಿಕೊಳ್ಳುವ ಟ್ರಾನ್ಸ್ ಮಹಿಳೆಯರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆಯೇ ಹೊರತು ದನಿ ಒಂದಿಷ್ಟೂ ಮೇಲೇರುವುದಿಲ್ಲ.

ಎರಡನೆಯ ತಪ್ಪು ತಿಳಿವಳಿಕೆ, ಶ್ರುತಿ, ಅಂದರೆ ದನಿಯ ಎತ್ತರ, ಏರಿಸಿದರೆ ಸಾಕೆಂಬುದು. ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎಂಬುದೇ ಹರ್ಟ್ಸ್ ಲೆಕ್ಕ. ವಯಸ್ಕ ಗಂಡಸರು ಸಾಮಾನ್ಯವಾಗಿ 100ರಿಂದ 130 ಹರ್ಟ್ಸ್‌ನಲ್ಲಿ, ಹೆಂಗಸರು 180ರಿಂದ 220ರಲ್ಲಿ ಮಾತಾಡುತ್ತಾರೆ. ಹೆಚ್ಚುಕಡಿಮೆ 145ರಿಂದ 175ರವರೆಗಿನ ಜಾಗ ಎರಡೂ ಕಡೆಗೆ ಸಲ್ಲುವಂಥದ್ದು. 120ರಿಂದ 180ಕ್ಕೆ ಏರುವುದೆಂದರೆ ಷಡ್ಜದಿಂದ ಪಂಚಮಕ್ಕೆ ಹೋದಷ್ಟೇ. ಸಂಗೀತದ ಗಂಧವಿಲ್ಲದವರ ಗಂಟಲೂ ಅಷ್ಟು ಏರುತ್ತದೆ. ಆದರೆ ಆ ಪಂಚಮದಲ್ಲೇ ದಿನವಿಡೀ ತರಕಾರಿ ಚೌಕಾಸಿ ಮಾಡಿ, ಜಗಳವಾಡಿ, ನಕ್ಕು, ಬಸ್ಸಿನಲ್ಲಿ ‘ಸ್ಟಾಪ್ ಇದೆ’ ಎಂದು ಕೂಗುವುದು ಸುಲಭವಲ್ಲ. ಬಲವಂತವಾಗಿ ಏರಿಸಿದರೆ ಸಂಗೀತಗಾರರು ಕಳ್ಳಕಂಠ ಎನ್ನುವ ತೆಳು ದನಿ ಬರುತ್ತದೆ. ಕೇಳುವವರಿಗೆ ಅದು ಹೆಣ್ಣುದನಿ ಅನ್ನಿಸದೆ ಗಂಡಸೊಬ್ಬ ಅಣಕ ಮಾಡಿದಂತಿರುತ್ತದೆ. ಕತ್ತಿನ ನರ ಉಬ್ಬುತ್ತದೆ, ಸಂಜೆಗೆ ಗಂಟಲು ಕಟ್ಟುತ್ತದೆ. ಹಾಗೇ ಮುಂದುವರಿದರೆ ಧ್ವನಿತಂತುಗಳ ಮೇಲೆ ಗಂಟು ಏಳಬಹುದು, ಗಂಟು ಎದ್ದ ತಂತು ದಪ್ಪಗಾಗಿ ದನಿ ಮೊದಲಿಗಿಂತ ಕೆಳಗೆ ಕುಸಿಯಬಹುದು.

ನಿಜವಾದ ಕೆಲಸ ಇರುವುದು ಅನುರಣನದಲ್ಲಿ, ಅಂದರೆ ಗಂಟಲು ಮತ್ತು ಬಾಯಿಯೊಳಗೆ ದನಿ ಮೊಳಗುವ ರೀತಿಯಲ್ಲಿ. ಧ್ವನಿತಂತುವಿನಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಇದ್ದರೆ ಹೆಂಗಸರಲ್ಲಿ ಎರಡು ಮೂರು ಸೆಂಟಿಮೀಟರ್ ಕಡಿಮೆ. ಆ ಉದ್ದವನ್ನು ಕೇಳುಗರ ಕಿವಿ ತಿಳಿಯದೆಯೇ ಅಳೆಯುತ್ತದೆ. ಹಾಗಾಗಿ 190 ಹರ್ಟ್ಸ್ ಮುಟ್ಟಿಯೂ ಗಂಡುದನಿ ಎನಿಸಿಕೊಳ್ಳುವವರಿದ್ದಾರೆ, 165ರಲ್ಲೇ ಯಾರಿಗೂ ಸಂಶಯ ಬಾರದಂತೆ ಮಾತಾಡುವವರೂ ಇದ್ದಾರೆ.

ಇದನ್ನು ಅಭ್ಯಾಸ ಮಾಡಲು ಪಿಸುಮಾತಿನಿಂದ ಶುರು ಮಾಡುವುದು ಒಳ್ಳೆಯದು. ಪಿಸುಗುಟ್ಟುವಾಗ ತಂತುಗಳು ಕಂಪಿಸುವುದಿಲ್ಲ, ಆದ್ದರಿಂದ ಶ್ರುತಿಯೇ ಇರುವುದಿಲ್ಲ, ಕೊಳವೆಯ ಆಕಾರ ಮಾತ್ರ ಕೇಳಿಸುತ್ತದೆ. ಗಂಟಲಮಣಿಯ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ಮೇಲೇರಿ ಇಳಿಯುವುದು ತಿಳಿಯುತ್ತದೆ. ಅದು ಅರ್ಧದಷ್ಟು ಏರಿದ ಸ್ಥಿತಿಯಲ್ಲಿ, ನಾಲಗೆಯ ನಡುಭಾಗ ಮುಂದಕ್ಕೆ ತಂದು, ತುಟಿಯಂಚು ಸ್ವಲ್ಪ ಹಿಗ್ಗಿಸಿ ‘ಹೀ’ ಎಂದು ಪಿಸುಗುಟ್ಟಬೇಕು. ಪಿಸುಮಾತಿನ ಬಣ್ಣ ಚಿಕ್ಕದಾಗಿ, ಹೊಳಪಾಗಿ ಕೇಳಬೇಕು. ನಾಲ್ಕೈದು ಸಲ ಮಾಡಿ, ಅದೇ ಬಾಯಿಯ ಆಕಾರಕ್ಕೆ ಮೆಲ್ಲಗೆ ದನಿ ಸೇರಿಸಿ ‘ಮೀ, ಮೇ, ನೀ, ನೇ’ ಹೇಳಬೇಕು. ಕಂಪನ ಎದೆಯಲ್ಲಿ ಕಡಿಮೆಯಾಗಿ ತುಟಿ, ಮೂಗಿನ ಬುಡದಲ್ಲಿ ತಿಳಿಯತೊಡಗಿದರೆ ದಾರಿ ಸರಿ ಎಂದರ್ಥ. ಗಂಟಲಮಣಿಯನ್ನು ಮೇಲೆಯೇ ಬಿಗಿದು ಹಿಡಿದರೆ ದನಿ ಹಿಸುಕಿದಂತಾಗುತ್ತದೆ. ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಪಿಸುಮಾತನ್ನು ನಿಮಿಷಗಟ್ಟಲೆ ಎಳೆಯಬಾರದು, ಗಂಟಲು ಒಣಗುತ್ತದೆ.

ಗಂಟಲು ಹದಗೊಳ್ಳಲು ಸ್ಟ್ರಾ ಅಭ್ಯಾಸಕ್ಕಿಂತ ಒಳ್ಳೆಯದಿಲ್ಲ. ಅರ್ಧ ಲೋಟ ನೀರಿನಲ್ಲಿ ಸಾಮಾನ್ಯ ಸ್ಟ್ರಾವನ್ನು ಎರಡು ಮೂರು ಸೆಂಟಿಮೀಟರ್ ಮುಳುಗಿಸಿ, ಕೆನ್ನೆ ಉಬ್ಬಿಸದೆ, ‘ಊ’ ಎಂದು ದನಿ ಮಾಡುತ್ತ ಗುಳ್ಳೆ ಎಬ್ಬಿಸಬೇಕು. ಗುಳ್ಳೆ ಒಂದೇ ಸಮ ಬರಬೇಕು. ನಂತರ ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಬೇಕು. ಒಂದು ಸಲಕ್ಕೆ ಎರಡು ನಿಮಿಷ ಸಾಕು. ಸ್ಟ್ರಾದಲ್ಲಿನ ಎದುರೊತ್ತಡದಿಂದಾಗಿ ತಂತುಗಳು ಒಂದಕ್ಕೊಂದು ಬಡಿಯುವ ರಭಸ ಕಡಿಮೆಯಾಗುತ್ತದೆ, ಅದಕ್ಕೇ ದಣಿವಿಲ್ಲದೆ ಶ್ರುತಿ ಏರುತ್ತದೆ. ಇಡೀ ಅಭ್ಯಾಸ ದಿನಕ್ಕೆ ಇಪ್ಪತ್ತು ನಿಮಿಷ, ಅದೂ ಐದೈದು ನಿಮಿಷದ ನಾಲ್ಕು ಕಂತಿನಲ್ಲಿ. ಭಾನುವಾರ ಒಂದೇ ಸಲ ಎರಡು ಗಂಟೆ ಕೂರುವವರಿಗೆ ಸೋಮವಾರ ದನಿಯೇ ಇರುವುದಿಲ್ಲ.

ಕನ್ನಡದಲ್ಲಿ ಮಾತಾಡುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ವಿಡಿಯೊ ನೋಡಿ ಕಲಿಯುವವರು ಮುಗ್ಗರಿಸುವುದು ಇಲ್ಲೇ. ನಮ್ಮ ಎಷ್ಟೋ ಮಾತು ‘ಉ’ಕಾರದಲ್ಲಿ ಮುಗಿಯುತ್ತದೆ: ಬೇಕು, ಸಾಕು, ಆಯ್ತು, ಹೋಗೋದು. ‘ಉ’ ಹೇಳುವಾಗ ನಾಲಗೆ ಹಿಂದೆ ಸರಿಯುತ್ತದೆ, ತುಟಿ ದುಂಡಾಗಿ ಮುಂದೆ ಚಾಚುತ್ತದೆ, ಕೊಳವೆ ಉದ್ದವಾಗುತ್ತದೆ. ಹೇಳಿಕೆಯ ಕೊನೆಯಲ್ಲಿ ಶ್ರುತಿ ಇಳಿಯುವುದೂ ಅಲ್ಲೇ. ವಾಕ್ಯ ಚೆನ್ನಾಗಿ ಶುರುವಾಗಿ ಕೊನೆಯ ಅಕ್ಷರದಲ್ಲಿ ಹಳೆಯ ದನಿಗೆ ಬೀಳುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಇ, ಎ ಕಾರದಲ್ಲಿ ಮುಗಿಯುವ ಮಾತುಗಳನ್ನೇ ಆರಿಸಿಕೊಳ್ಳಬೇಕು: ಬನ್ನಿ, ಇಲ್ಲಿ, ಹೇಳಿ, ಮನೆ, ‘ಇಲ್ಲೇ ನಿಲ್ಲಿಸಿ’, ‘ಮೀನಿಗೆ ಎಷ್ಟು ಹೇಳಿ’. ಅದು ಕೈಗೂಡಿದ ಮೇಲೆ ‘ಬೇಕು’ ‘ಸಾಕು’ಗಳಿಗೆ ಬಂದು, ಕೊನೆಯ ಉಕಾರವನ್ನು ತುಟಿ ಚಾಚದೆ ಚುಟುಕಾಗಿ ಮುಗಿಸುವುದನ್ನು ಕಲಿಯಬೇಕು. ಅಕ್ಷರ, ಪದ, ವಾಕ್ಯ, ಓದು, ಫೋನ್ ಕರೆ, ಆಮೇಲೆ ಗದ್ದಲದ ಜಾಗ, ಇದೇ ಕ್ರಮ. ಕೆಮ್ಮು, ಸೀನು, ನಗು ಕೊನೆಗೆ ಬರುತ್ತವೆ; ಅವು ಅಭ್ಯಾಸದ ದನಿಯ ಮಾತು ಕೇಳುವುದೇ ಇಲ್ಲ, ನಗುವನ್ನಂತೂ ಪ್ರತ್ಯೇಕವಾಗಿಯೇ ಕಲಿಯಬೇಕು.

ಫೋನನ್ನು ಬಾಯಿಯಿಂದ ಗೇಣುದೂರ ಇಟ್ಟು, ಒಂದೇ ಪ್ಯಾರಾವನ್ನು ವಾರಕ್ಕೊಮ್ಮೆ ಓದಿ ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದು. ಕಂಪ್ಯೂಟರ್ ಇದ್ದರೆ ಪ್ರಾಟ್ ಎಂಬ ಉಚಿತ ತಂತ್ರಾಂಶ ಶ್ರುತಿಯ ಗೆರೆಯನ್ನೇ ತೋರಿಸುತ್ತದೆ. ಒಮ್ಮೆಗೆ ಮೂರು ನಾಲ್ಕು ಸ್ವರಸ್ಥಾನಕ್ಕಿಂತ ಹೆಚ್ಚು ಏರಿಸಬಾರದು: 120ರವರು ಮೊದಲು 145ರಲ್ಲಿ ಸುಖವಾಗಿ ಮಾತಾಡಲಿ, ಮುಂದಿನದು ಆಮೇಲೆ. ಗುಟ್ಕಾ, ಬೀಡಿ ಬಿಡದೆ ಇದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಬೀಡಿ ಸಿಗರೇಟಿನ ಹೊಗೆಗೆ ತಂತುಗಳು ಊದಿಕೊಂಡು ದನಿ ಮತ್ತಷ್ಟು ದಪ್ಪಗಾಗುತ್ತದೆ. ರಾತ್ರಿ ತಡವಾಗಿ ಖಾರ ಉಂಡು ಮಲಗುವವರಲ್ಲಿ ಹುಳಿ ಮೇಲೆ ಬಂದು ಗಂಟಲು ಕೆರೆಯುವುದೂ ಉಂಟು. ಗಂಟಲು ಕಟ್ಟಿದ್ದು ಮೂರು ವಾರವಾದರೂ ಬಿಡದಿದ್ದರೆ ಅಭ್ಯಾಸ ನಿಲ್ಲಿಸಿ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.

ಶಸ್ತ್ರಚಿಕಿತ್ಸೆಯೂ ಇದೆ. ಗ್ಲಾಟೋಪ್ಲಾಸ್ಟಿಯಲ್ಲಿ ತಂತುಗಳ ಮುಂಭಾಗವನ್ನು ಹೊಲಿದು ಕಂಪಿಸುವ ಉದ್ದ ಕಡಿಮೆ ಮಾಡುತ್ತಾರೆ, ಶ್ರುತಿ ಏರುತ್ತದೆ. ಆದರೆ ಕೂಗುವ ಶಕ್ತಿ ಕುಗ್ಗಬಹುದು, ಅನುರಣನ ಹಾಗೇ ಉಳಿಯುತ್ತದೆ, ಆಮೇಲೂ ತರಬೇತಿ ತಪ್ಪುವುದಿಲ್ಲ. ಗಂಟಲಮಣಿ ಕೆತ್ತುವ ಶಸ್ತ್ರಚಿಕಿತ್ಸೆ ನೋಟಕ್ಕೆ ಮಾತ್ರ. ಅದರಿಂದ ದನಿ ಏರದು, ಕೆತ್ತುವುದು ಹೆಚ್ಚಾದರೆ ಇದ್ದ ದನಿಗೂ ಕುತ್ತು.

ನಮ್ಮ ವೃತ್ತಿಯವರಿಗೂ ಒಂದು ಮಾತು. ಹರೆಯ ಬಂದರೂ ದನಿ ಒಡೆಯದ ಹುಡುಗರನ್ನು ಕರೆತಂದರೆ ಗಂಟಲಮಣಿ ಒತ್ತಿ ದನಿ ಇಳಿಸುವುದು ನಮಗೆಲ್ಲ ಕರತಲಾಮಲಕ. ಟ್ರಾನ್ಸ್ ಮಹಿಳೆಯನ್ನೂ ಅದೇ ಕಣ್ಣಿನಿಂದ ನೋಡಿ ‘ಸರಿಪಡಿಸಲು’ ಹೊರಡಬಾರದು. ತನ್ನ ದನಿ ಹೇಗಿರಬೇಕೆಂದು ಹೇಳಬೇಕಾದವರು ಬಂದವರೇ. ದನಿ ಬದಲಿಸುವ ಇಷ್ಟವೇ ಇಲ್ಲದವರು ಅನೇಕರಿದ್ದಾರೆ. ಅವರಿಗೆ ಯಾರೂ ತರಬೇತಿ ಹೇರಬೇಕಿಲ್ಲ.

ಇನ್ನು ಸರ್ಕಾರದ ವಿಷಯ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 15ನೇ ಸೆಕ್ಷನ್ನಿನ ಮೂಲ ಪಾಠದಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನು, ಲೇಸರ್ ಚಿಕಿತ್ಸೆ, ಎಲ್ಲದರ ಹೆಸರಿದೆ. ಧ್ವನಿ ಚಿಕಿತ್ಸೆಯ ಹೆಸರಿಲ್ಲ. ಟ್ರಾನ್ಸ್‌ಜೆಂಡರ್ ಆರೋಗ್ಯ ತಜ್ಞರ ಜಾಗತಿಕ ಸಂಘಟನೆಯಾದ ಡಬ್ಲ್ಯುಪಾತ್‌ನ ಮಾರ್ಗಸೂಚಿಯಂತೆ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಆರೋಗ್ಯ ಕೈಪಿಡಿ ತರಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ, ಆ ಮಾರ್ಗಸೂಚಿಯ 2022ರ ಎಂಟನೇ ಆವೃತ್ತಿಯಲ್ಲಿ ಧ್ವನಿ ಮತ್ತು ಸಂವಹನಕ್ಕೆಂದೇ ಒಂದು ಅಧ್ಯಾಯವಿದೆ. 2022ರಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಎಂಬ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಆರೋಗ್ಯ ವಿಮೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆಯ ಮಾತಾಡುತ್ತದೆ. ಆದರೆ ಆಯುಷ್ಮಾನ್ ಎಂಬುದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ ಹೊಂದಿಸಿದ ಯೋಜನೆ. ಹಲವು ತಿಂಗಳು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಬಂದುಹೋಗುವ ತರಬೇತಿ ಆ ಲೆಕ್ಕಕ್ಕೆ ಸಿಗುವುದು ಕಷ್ಟ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಪತ್ತೆಹಚ್ಚಿ ಚಿಕಿತ್ಸೆ ನೀಡುವ ಜಿಲ್ಲೆಗಳ ಡಿಇಐಸಿ ಕೇಂದ್ರಗಳಲ್ಲಿ ವಾಕ್ ಚಿಕಿತ್ಸಕರ ಹುದ್ದೆ ಇದೆ. ಹುದ್ದೆ ಖಾಲಿಯಿದ್ದರೆ ತುಂಬಿ, ವಾರಕ್ಕೆ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರದೂರಿನವರಿಗೆ ವಿಡಿಯೊ ಮೂಲಕ ಚಿಕಿತ್ಸೆ ನೀಡುವ ವ್ಯವಸ್ಥೆ ಹೊಂದಿದೆ. ರಾಜ್ಯ ಆರೋಗ್ಯ ಇಲಾಖೆ ಆ ಸಂಸ್ಥೆಯ ಜತೆ ಸೇರಿ ಕನ್ನಡದ್ದೇ ಅಭ್ಯಾಸ ಪಾಠಗಳನ್ನು ಸಿದ್ಧಪಡಿಸಿ ಜಿಲ್ಲೆಗಳಿಗೆ ಕಳಿಸಲಿ. ಅಲ್ಲಿಯವರೆಗೆ ಖಾಸಗಿಯಾಗಿ ಹೋಗುವವರು ಚಿಕಿತ್ಸಕರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ ನೋಡಿ. ಗಂಟಲಿನೊಳಗೆ ಕ್ಯಾಮೆರಾ ಹಾಕಿ ನೋಡಿಸದೆ, ಹಳೆಯ ದನಿ ರೆಕಾರ್ಡ್ ಮಾಡಿಕೊಳ್ಳದೆ ಮೊದಲ ದಿನವೇ ಶ್ರುತಿ ಏರಿಸಲು ಹೇಳುವವರ ಬಳಿ ಎರಡನೆಯ ಸಲ ಹೋಗಬೇಡಿ.

– ವಾಕ್ ಮತ್ತು ಧ್ವನಿ ಚಿಕಿತ್ಸಕರ ಬಳಗ, ಶಿವಮೊಗ್ಗ