ಚಿತ್ರದ ಕೆಳಗೆ ಹೆಸರು, ಊರು, ವರ್ಷ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕನ್ನಡ ಪತ್ರಿಕೆಗಳ ಪುರವಣಿಗಳಲ್ಲಿಯೂ ಅವುಗಳ ಜಾಲತಾಣಗಳಲ್ಲಿಯೂ ಕಣ್ಸೆಳೆಯುವ ಛಾಯಾಚಿತ್ರಗಳಿಗೆ ಈಚೆಗೆ ಹೆಚ್ಚು ಜಾಗ ಸಿಗುತ್ತಿರುವುದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಎಷ್ಟೋ ಚಿತ್ರಗಳ ಅಂಚಿನಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಒಂದು ಸಾಲು ಮಾತ್ರ ಇರುತ್ತದೆ, ತೆಗೆದವರು ಯಾರು, ಎಲ್ಲಿ, ಯಾವಾಗ ಎಂಬ ವಿವರ ಇರುವುದಿಲ್ಲ. ಅಂತರ್ಜಾಲವು ಕ್ಯಾಮೆರಾ ಹಿಡಿದು ಕಾಡು ಮೇಡು ಅಲೆಯುವುದಿಲ್ಲವಾದ್ದರಿಂದ, ಈ ಸಾಲನ್ನು ತಮ್ಮ ಪತ್ರಿಕೆಯಾದರೂ ಕೈಬಿಡಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

2020ರಲ್ಲಿ ನಾಗರಹೊಳೆಯ ಕಬಿನಿ ಭಾಗದ ಕರಿಚಿರತೆಯ ಚಿತ್ರಗಳು ದೇಶದ ಗಡಿ ದಾಟಿ ಹರಿದಾಡಿದ್ದು ಓದುಗರಿಗೆ ನೆನಪಿರಬಹುದು. ಮಿಥುನ್ ಹುನಗುಂದ ಅವರು ತೆಗೆದ ಒಂದು ಚಿತ್ರದಲ್ಲಿ ಚುಕ್ಕೆಯ ಹೆಣ್ಣುಚಿರತೆಯ ಬೆನ್ನ ಹಿಂದೆ ಕರಿಚಿರತೆ ನಿಂತಿದ್ದು, ಮೊದಲ ನೋಟಕ್ಕೆ ಅದು ಇದರ ನೆರಳೇ ಎನಿಸುತ್ತದೆ. ಇಂಥದ್ದೊಂದು ದೃಶ್ಯವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಇಂದು ಕೆಲವೇ ಕ್ಷಣಗಳಲ್ಲಿ ಸಿದ್ಧಪಡಿಸಿ ಕೊಡಬಲ್ಲದು, ಮತ್ತು ಮೊಬೈಲ್ ಪರದೆಯ ಮೇಲೆ ಎರಡರ ನಡುವಿನ ವ್ಯತ್ಯಾಸವನ್ನು ಗುರುತಿಸಲು ನನ್ನಂಥ ಸಾಮಾನ್ಯ ಓದುಗನಿಗೆ ಸಾಧ್ಯವಾಗುವುದಿಲ್ಲ. ಆ ಚಿತ್ರವನ್ನು ನಾವು ನಂಬಿದ್ದು ಅದರ ಅಂದವನ್ನು ನೋಡಿ ಅಲ್ಲ. ತೆಗೆದವರ ಹೆಸರು ಗೊತ್ತಿತ್ತು, ಕಾಡು ಯಾವುದೆಂದು ತಿಳಿದಿತ್ತು, ಅದೇ ಪ್ರಾಣಿಯನ್ನು ಶಾಜ್ ಜಂಗ್ ಅವರಂಥ ಬೇರೆ ಛಾಯಾಗ್ರಾಹಕರೂ ಅದೇ ಕಾಡಿನಲ್ಲಿ ಕಂಡು ಚಿತ್ರಿಸಿದ್ದರು. ಈ ವಿವರಗಳನ್ನೆಲ್ಲ ಅಳಿಸಿಹಾಕಿ ಅದೇ ಚಿತ್ರವನ್ನು ‘ಕೃಪೆ: ಅಂತರ್ಜಾಲ’ ಎಂದು ಅಚ್ಚು ಹಾಕಿದರೆ, ಅದು ಕೃತಕ ಚಿತ್ರಗಳ ರಾಶಿಯಲ್ಲಿ ಇನ್ನೊಂದಾಗಿ ಬೆರೆತುಹೋಗುತ್ತದೆ.

ನಮ್ಮ ಭಾಗದ ಹಂಪಿಯ ಉದಾಹರಣೆ ಇದಕ್ಕಿಂತಲೂ ಸ್ಪಷ್ಟವಾಗಿದೆ. ಮದರಾಸು ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಅವರು 1856ರಲ್ಲಿ, ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳನ್ನು ಬಳಸಿ ಹಂಪಿಯ ಸ್ಮಾರಕಗಳನ್ನು ಚಿತ್ರಿಸಿದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಅಂದಿನ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಅದು ಇಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಮೇಲಿರುವುದೂ ಶಿಖರವಿಲ್ಲದ ರಥವೇ. (ಆ ನೋಟನ್ನು ದಿನವೂ ಎಣಿಸುವ ನಮ್ಮೂರಿನ ಅಂಗಡಿಯವರಿಗೂ ಶಿಖರದ ಸಂಗತಿ ಹೊಸದೇ.) 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು. ಯಾವುದು ಉಳಿದಿದೆ, ಯಾವುದು ಬಿದ್ದಿದೆ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾದದ್ದು ಮೊದಲಿನ ಚಿತ್ರಗಳ ಸ್ಥಳ ಮತ್ತು ಕಾಲ ತಿಳಿದಿದ್ದುದರಿಂದ.

ಈಗ ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಬಣ್ಣ ತುಂಬಿ, ಮಸುಕಾದ ಭಾಗಗಳನ್ನು ತಂತ್ರಾಂಶದಿಂದ ‘ಸ್ಪಷ್ಟಗೊಳಿಸಿ’ ಹಂಚುವ ಅಭ್ಯಾಸ ಬೆಳೆದಿದೆ. ಇಂಥ ತಂತ್ರಾಂಶವು ಚಿತ್ರದಲ್ಲಿ ಇಲ್ಲದ ವಿವರಗಳನ್ನು ಊಹೆಯಿಂದ ತುಂಬುತ್ತದೆಯೇ ಹೊರತು ಹಿಂದೆ ಇದ್ದುದನ್ನು ಮರಳಿ ತರುವುದಿಲ್ಲ. ಬಿದ್ದುಹೋದ ಶಿಖರವೊಂದರ ಮೇಲೆ ಅದು ಹೊಸದಾಗಿ ಮೂಡಿಸಿದ ಗಾರೆಯ ಬೊಂಬೆಗಳನ್ನು ಮುಂದಿನ ತಲೆಮಾರಿನ ವಿದ್ಯಾರ್ಥಿಯೊಬ್ಬ ವಿಜಯನಗರದ ಶಿಲ್ಪಿಗಳ ಕೈಕೆಲಸವೆಂದು ತಿಳಿದರೆ ತಪ್ಪು ಅವನದ್ದಾಗುವುದಿಲ್ಲ. ಬಣ್ಣ ತುಂಬಬಾರದೆಂದು ನಾನು ಹೇಳುತ್ತಿಲ್ಲ, ತುಂಬಿದ್ದನ್ನು ಮುಚ್ಚಿಡಬಾರದು ಎಂಬುದಷ್ಟೇ ನನ್ನ ಕೋರಿಕೆ.

ವಿವರ ಕಳಚಿಕೊಂಡ ದೃಶ್ಯವು ಇದಕ್ಕಿಂತ ಘೋರವಾದ ಅನಾಹುತಕ್ಕೂ ಕಾರಣವಾಗಬಹುದು ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿಯೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವಿಡಿಯೊಗಳಲ್ಲಿ ಒಂದು, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ತಯಾರಿಸಿದ್ದ ಕಿರುಚಿತ್ರ. ಮಗುವನ್ನು ಎತ್ತಿಕೊಂಡು ಹೋದ ಬೈಕ್ ಸವಾರರು ಅದನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಂಚಿದ್ದರು. ಆ ವದಂತಿಗಳ ದಿನಗಳಲ್ಲಿ ಬೆಂಗಳೂರಿನಲ್ಲಿ ಒಬ್ಬರು, ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬರು ಗುಂಪು ಹಲ್ಲೆಗೆ ಬಲಿಯಾದರು.

ಕಾನೂನಿನ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕುಸ್ವಾಮ್ಯವನ್ನು ಬೇರೆಯವರಿಗೆ ವರ್ಗಾಯಿಸಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಛಾಯಾಗ್ರಾಹಕರೂ ಅದರ ವ್ಯಾಪ್ತಿಯಲ್ಲಿ ಬರುತ್ತಾರೆ.

ಪತ್ರಿಕೆಯ ಕೆಲಸ ಗಡುವಿನೊಂದಿಗೆ ನಡೆಯುವುದೆಂಬ ಅರಿವು ನನಗಿದೆ. ಛಾಯಾಗ್ರಾಹಕರ ಹೆಸರು ಹುಡುಕಿದರೂ ಸಿಗದಿದ್ದಾಗ ‘ತೆಗೆದವರು ಯಾರೆಂದು ತಿಳಿದುಬಂದಿಲ್ಲ’ ಎಂದು ಬರೆದು, ಚಿತ್ರ ಸಿಕ್ಕಿದ ಜಾಲತಾಣವನ್ನು ಹೆಸರಿಸಿದರೆ ಓದುಗರು ಅದನ್ನು ಗೌರವದಿಂದಲೇ ಕಾಣುತ್ತಾರೆ. ‘ಸಂಗ್ರಹ ಚಿತ್ರ’ ಎಂದು ಹಾಕುವಲ್ಲಿ ಅದು ಯಾವ ವರ್ಷದ್ದೆಂದೂ ಸೇರಿಸಬೇಕು. ಇಲ್ಲವಾದರೆ ಪ್ರತಿ ಮಳೆಗಾಲದಲ್ಲಿಯೂ ಹಳೆಯ ಪ್ರವಾಹದ ಚಿತ್ರವು ಈ ವರ್ಷದ್ದೆಂಬಂತೆ ಮೊಬೈಲ್‌ಗಳಲ್ಲಿ ಸುತ್ತುತ್ತದೆ. ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಅಥವಾ ತಿದ್ದಿದ ಚಿತ್ರಗಳ ಬಗೆಗಿನ ಸೂಚನೆಯನ್ನು ಭೂತಗನ್ನಡಿಯಿಲ್ಲದೆ ಓದುವಂತೆ, ಸುದ್ದಿಯ ಅಕ್ಷರದ ಗಾತ್ರದಲ್ಲಿಯೇ ಮುದ್ರಿಸುವುದು ಉಚಿತ.

ಓದುಗರು ಕಳಿಸುವ ಚಿತ್ರಗಳ ವಿಷಯದಲ್ಲಿಯೂ ಒಂದು ಸಣ್ಣ ಸಲಹೆಯಿದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಫೋಟೊ ಕಳಿಸಿದರೆ ಅದರ ಗಾತ್ರ ಕುಗ್ಗುವುದಲ್ಲದೆ, ತೆಗೆದ ದಿನಾಂಕ ಮತ್ತು ಕ್ಯಾಮೆರಾದ ವಿವರಗಳೂ ಕಡತದಿಂದ ಅಳಿದುಹೋಗುತ್ತವೆ; ಡಾಕ್ಯುಮೆಂಟ್ ರೂಪದಲ್ಲಿ ಅಥವಾ ಇಮೇಲ್‌ನಲ್ಲಿ ಮೂಲ ಕಡತವನ್ನೇ ಕಳಿಸಿದರೆ ಅವು ಉಳಿಯುತ್ತವೆ. ಚಿತ್ರಗಳನ್ನು ಆಹ್ವಾನಿಸುವ ಪ್ರಕಟಣೆಯಲ್ಲಿ ಈ ಸೂಚನೆಯನ್ನು ಸೇರಿಸಿ, ಊರು ಮತ್ತು ದಿನಾಂಕವನ್ನು ಕಡ್ಡಾಯವಾಗಿ ಕೇಳಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ಹೊಸಪೇಟೆ