ಒಳ್ಳೆ ತೆಂಗಿನ ಮರದ ಪರಾಗವನ್ನಾದರೂ ಉಳಿಸಿ

ಮಾನ್ಯ ಸಂಪಾದಕರೇ,

ತೆಂಗಿನ ಹೈಬ್ರಿಡ್ ಸಸಿ ಸಿಗುವುದಿಲ್ಲ ಅನ್ನುವ ದೂರು ನಮ್ಮ ಕಡೆ ಮುಗಿಯುವುದೇ ಇಲ್ಲ. ಸಬ್ಸಿಡಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪರಾಗದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಹೈಬ್ರಿಡ್ ಸುಮ್ನೆ ಆಗುವುದಿಲ್ಲ. ತಾಯಿ ಮರದ ಹೊಂಬಾಳೆ ಒಡೆದ ಕೂಡಲೇ ಗಂಡು ಹೂಗಳನ್ನೆಲ್ಲ ಕಿತ್ತು ಹಾಕಿ, ಚೀಲ ಕಟ್ಟಿ, ಹೆಣ್ಣು ಹೂ ಹದಕ್ಕೆ ಬಂದ ಎರಡು ಮೂರು ದಿನದೊಳಗೆ ತಂದೆ ಮರದ ಪರಾಗವನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ ಊದಬೇಕು. ಅದೇ ಹೊತ್ತಿಗೆ ತಂದೆ ಮರದಲ್ಲೂ ಹೂ ಇರಬೇಕಲ್ವಾ? ಮೊದಲೇ ತೆಗೆದಿಟ್ಟ ಪರಾಗ ಹೊರಗಿದ್ದರೆ ಕೆಲವೇ ದಿನಗಳಲ್ಲಿ ಕೆಲಸಕ್ಕೆ ಬಾರದ ಹಾಗಾಗುತ್ತದೆ.

ಆದರೆ ತೇವ ಆರಿಸಿ, ಪೊಟ್ಟಣ ಕಟ್ಟಿ, ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಟ್ಟರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ತೇವ ಉಳಿದರೆ ಮಾತ್ರ ಒಳಗೇ ಮಂಜುಗಡ್ಡೆಯಾಗಿ ಹಾಳಾಗುತ್ತದೆ. ಭತ್ತ, ಮುಸುಕಿನ ಜೋಳದ ಪರಾಗ ಹಾಗೆ ಒಣಗಿಸಿದರೆ ಸಾಯುತ್ತದೆ, ತೆಂಗಿನದು ತಡೆದುಕೊಳ್ಳುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು (ಸಿಪಿಸಿಆರ್‌ಐ) ಹೀಗಿಟ್ಟ ಪರಾಗದಿಂದ ಕಾಯಿ ಕಟ್ಟಿಸಿ ತೋರಿಸಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ (ಐಐಎಚ್‌ಆರ್) ತೋಟಗಾರಿಕೆ ಬೆಳೆಗಳ ಪರಾಗದ ಬ್ಯಾಂಕೇ ಇದೆ. ಹಸು ಸಾಕಿದವರಿಗೆ ಇದೇನೂ ಹೊಸದಲ್ಲ, ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯ ಇಟ್ಟಿರುವ, ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುವ ಆ ಕ್ಯಾನ್ ಎಲ್ಲರೂ ನೋಡಿದ್ದೇವೆ. ಹೋರಿ ಸತ್ತು ಎಷ್ಟೋ ವರ್ಷವಾದ ಮೇಲೂ ಅದರ ಕರು ಹುಟ್ಟುತ್ತದೆ.

ತೆಂಗಿಗಂತೂ ಇದು ಇನ್ನೂ ಜಾಸ್ತಿ ಬೇಕು. ಒಂದು ಮರ ಒಳ್ಳೆ ತಂದೆಯೋ ಅಲ್ಲವೋ ಅಂತ ಗೊತ್ತಾಗುವುದು ಅದರ ಮಕ್ಕಳು ಬೆಳೆದು ಕೆಲವು ವರ್ಷ ಫಸಲು ಕೊಟ್ಟ ಮೇಲೆ. ಅಷ್ಟರಲ್ಲಿ ತಂದೆ ಮರವೇ ಒಣಗಿ ಹೋಗಿದ್ದರೆ? ನಮ್ಮ ಕಡೆಯ ಎತ್ತರದ ತಳಿ ತಿಪಟೂರು ಟಾಲ್‌ನ ಹಳೇ ಮರಗಳು ಬರಕ್ಕೆ, ನುಸಿಗೆ ಎಷ್ಟು ಸೊರಗಿವೆ ಅಂತ ಯಾವ ತೋಟಕ್ಕೆ ಹೋದರೂ ಕಾಣುತ್ತದೆ. ಬರದಲ್ಲೂ ಗೊನೆ ತುಂಬಾ ಕಾಯಿ ಹೊತ್ತ ಮರಗಳೂ ಅಲ್ಲಲ್ಲಿ ಇವೆ. ನಮಗೆ ಬೇಕಾಗಿರುವುದು ಅವುಗಳ ಪರಾಗ. ಪರಾಗದಲ್ಲಿ ಬರುವುದು ತಂದೆಯ ಅರ್ಧ ಪಾಲು ಮಾತ್ರ, ಹಾಗಾಗಿ ಮರ ಕಾಪಾಡುವ ಕೆಲಸವನ್ನೂ ಬಿಡುವ ಹಾಗಿಲ್ಲ.

ತೋಟಗಾರಿಕೆ ಇಲಾಖೆ ಮತ್ತು ಅರಸೀಕೆರೆಯ ಸಂಶೋಧನಾ ಕೇಂದ್ರ ಸೇರಿ ಅಂಥ ಮರಗಳಿಗೆ ಗುರುತು ಹಾಕಿ, ಪರಾಗ ಇಟ್ಟು, ನರ್ಸರಿಗಳಿಗೆ ಕೊಡುವ ಏರ್ಪಾಡು ಮಾಡಲಿ. ಕ್ಯಾನ್ ಕೊಂಡರಷ್ಟೇ ಸಾಲದು, ನೈಟ್ರೋಜನ್ ಆವಿಯಾಗುತ್ತಲೇ ಇರುತ್ತದೆ, ಅದನ್ನು ತುಂಬಿಸುವ ದುಡ್ಡನ್ನೂ ಪ್ರತಿ ವರ್ಷ ಎತ್ತಿಡಲಿ. ಮರ ತೋರಿಸಲು ನಾವು ತಯಾರಿದ್ದೇವೆ.

– ಒಬ್ಬ ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು