ಪಿಕಲ್ ಫೈಲ್‌ಗಳನ್ನು ಇನ್ನು ನೇರವಾಗಿ ತೆರೆಯುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಎಐ ಮಾಡೆಲ್‌ಗಳ ಫೈಲ್‌ಗಳನ್ನು ತಿದ್ದುವ ನಮ್ಮ ಎಡಿಟರ್‌ನ ಮುಂದಿನ ಆವೃತ್ತಿಯಲ್ಲಿ ಒಂದು ದೊಡ್ಡ ಬದಲಾವಣೆ ಇದೆ. ಪಿಕಲ್ ರೂಪದ (ಪೈಥಾನ್ ಭಾಷೆ ತನ್ನ ಡೇಟಾ ಉಳಿಸಿಡುವ ಒಂದು ರೂಪ) ಫೈಲ್‌ಗಳನ್ನು ಅದು ನೇರವಾಗಿ ತೆರೆಯುವುದಿಲ್ಲ, ಆ ರೂಪದಲ್ಲಿ ಸೇವ್ ಕೂಡ ಮಾಡುವುದಿಲ್ಲ. ಮಾಡೆಲ್ ಕಟ್ಟಲು ಬಳಸುವ ಪೈಟಾರ್ಚ್ ಎಂಬ ಸಾಫ್ಟ್‌ವೇರ್‌ನಿಂದ ಬರುವ, ಹೆಸರಿನ ಕೊನೆಗೆ ಪಿಟಿ, ಪಿಟಿಎಚ್ ಅಥವಾ ಬಿನ್ ಅಂತ ಇರುವ ಫೈಲ್‌ಗಳು ಸಾಮಾನ್ಯವಾಗಿ ಇದೇ ಜಾತಿಯವು. ಇವನ್ನು ಮೊದಲು ಸೇಫ್‌ಟೆನ್ಸರ್ಸ್ ಎಂಬ ಇನ್ನೊಂದು ರೂಪಕ್ಕೆ ಬದಲಿಸಿ, ಆಮೇಲೆ ತಿದ್ದಬೇಕು. ಬದಲಿಸುವ ಕೆಲಸವನ್ನು ಎಡಿಟರ್ ತಾನೇ ಮಾಡಿಕೊಡುತ್ತದೆ. ನೀವು ಬರೀ ಓಎನ್‌ಎನ್‌ಎಕ್ಸ್ ಅಥವಾ ಜಿಜಿಯುಎಫ್ ಎಂಬ ಬೇರೆ ರೂಪಗಳ ಫೈಲ್ ಬಳಸುವವರಾದರೆ ಏನೂ ಬದಲಾಗುವುದಿಲ್ಲ.

ಈ ತೀರ್ಮಾನಕ್ಕೆ ಯಾಕೆ ಬಂದೆವು ಅಂತ ಬಿಡಿಸಿ ಹೇಳಬೇಕು. ಕೆಲವು ತಿಂಗಳ ಹಿಂದೆ, ಪರೀಕ್ಷೆಗೆಂದು ಹೊರಗಿನಿಂದ ಬಂದ ಒಂದು ಫೈಲನ್ನು ನಮ್ಮ ತಂಡದವರೊಬ್ಬರು ತೆರೆದರು. ಟೆನ್ಸರ್‌ಗಳ, ಅಂದರೆ ಮಾಡೆಲ್‌ನ ಸಂಖ್ಯೆಗಳ ಕೋಷ್ಟಕಗಳ, ಪಟ್ಟಿ ಎಂದಿನಂತೆ ಬಂತು. ಅದೇ ಹೊತ್ತಿಗೆ ಅವರ ಫೋಲ್ಡರ್‌ನಲ್ಲಿ, ಯಾರೂ ಮಾಡದ ಒಂದು ಹೊಸ ಫೈಲ್ ಕಾಣಿಸಿಕೊಂಡಿತು. ಒಳಗೆ ಇದ್ದದ್ದು ಒಂದೇ ಸಾಲು. ಹಾನಿ ಏನೂ ಆಗಲಿಲ್ಲ. ಆದರೆ ಹೊಸ ಫೈಲ್ ಬರೆಯಲು ಬಂದವರಿಗೆ ಇದ್ದದ್ದನ್ನು ಅಳಿಸಲೂ ಬರುತ್ತಿತ್ತು, ಅಲ್ವಾ? ಪಾಸ್‌ವರ್ಡ್ ಓದಿ ಬೇರೆಲ್ಲಿಗೋ ಕಳಿಸಲೂ ಬರುತ್ತಿತ್ತು. ನಾವು ಮಾಡಿದ ಎಡಿಟರ್, ನಮ್ಮ ಕಣ್ಣೆದುರೇ, ಅದಕ್ಕೆ ಬಾಗಿಲು ತೆಗೆದುಕೊಟ್ಟಿತ್ತು. ಅವತ್ತು ನಮಗೆ ನಿಜಕ್ಕೂ ಭಯವಾಯಿತು.

ಮಾಡೆಲ್ ಫೈಲ್ ಅಂದರೆ ಬರೀ ಸಂಖ್ಯೆಗಳು ಅಂತ ಅಂದುಕೊಳ್ಳುವುದು ಸಹಜ. ಪಿಕಲ್‌ನಲ್ಲಿ ಹಾಗಲ್ಲ. ಅದು ಪೈಥಾನ್‌ಗೆ ಬರೆದಿಟ್ಟ ಸೂಚನೆಗಳ ಸಾಲು: ಈ ಹೆಸರಿನ ಫಂಕ್ಷನ್ ಹುಡುಕು, ಇದನ್ನು ಕೊಟ್ಟು ಕಾಲ್ ಮಾಡು, ಬಂದದ್ದನ್ನು ಇಟ್ಟುಕೋ. ಫೈಲ್ ತೆರೆಯುವುದು ಅಂದರೆ ಆ ಸೂಚನೆಗಳನ್ನು ಒಂದೊಂದಾಗಿ ನಡೆಸುವುದು. ಟೆನ್ಸರ್ ಕಟ್ಟುವ ಫಂಕ್ಷನ್ ಇರಬೇಕಾದ ಜಾಗದಲ್ಲಿ ಕಂಪ್ಯೂಟರ್‌ಗೆ ಕಮಾಂಡ್ ಕೊಡುವ ಫಂಕ್ಷನ್‌ನ ಹೆಸರು ಬರೆದಿಟ್ಟರೆ ಅದೂ ನಡೆಯುತ್ತದೆ. ನಂಬಿಕೆಯಿರುವ ಕಡೆಯಿಂದ ಬಂದದ್ದನ್ನು ಮಾತ್ರ ತೆರೆಯಿರಿ ಅಂತ ಪೈಥಾನ್‌ನವರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ.

ಇಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಇಷ್ಟು: ಅಪಾಯದ ಫಂಕ್ಷನ್‌ಗಳ ಒಂದು ಪಟ್ಟಿ ಇಟ್ಟುಕೊಂಡು, ಅವು ಕಂಡರೆ ತಡೆಯುವುದು. ಆ ದಾರಿಯೇ ತಪ್ಪಾಗಿತ್ತು. ಅಂಥ ಪಟ್ಟಿ ಎಂದೂ ಮುಗಿಯುವುದಿಲ್ಲ. ಒಂದು ಹೆಸರನ್ನು ತಡೆದರೆ ಅದೇ ಕೆಲಸ ಮಾಡುವ ಇನ್ನೊಂದು ಹೆಸರು ಎಲ್ಲೋ ಇರುತ್ತದೆ. ಪೈಟಾರ್ಚ್ ಕೂಡ 2025ರ ಜನವರಿಯಲ್ಲಿ ಬಂದ 2.6ನೇ ಆವೃತ್ತಿಯಿಂದ, ಬಳಸುವವರು ಕೇಳದಿದ್ದರೂ ತೂಕಗಳನ್ನಷ್ಟೇ (ಮಾಡೆಲ್ ಕಲಿತ ಸಂಖ್ಯೆಗಳನ್ನಷ್ಟೇ) ಓದುವ ಕಟ್ಟುನಿಟ್ಟಿನ ಕ್ರಮಕ್ಕೆ ಬದಲಾಯಿತು. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಆ ಕ್ರಮವನ್ನು ಆರಿಸಿಕೊಂಡವರಿಗೂ ಒಂದು ಕಿಂಡಿ ಉಳಿದಿತ್ತು ಅಂತ ಆಮೇಲೆ ಗೊತ್ತಾಯಿತು. ಇದನ್ನೆಲ್ಲ ನೋಡಿದ ಮೇಲೆ, ಫೈಲ್‌ನ ರೂಪವೇ ಬದಲಾಗಬೇಕು ಅಂತ ನಮಗೆ ಖಚಿತವಾಯಿತು.

ಸೇಫ್‌ಟೆನ್ಸರ್ಸ್ ಫೈಲ್‌ನ ಕಟ್ಟು ತುಂಬ ಸರಳ. ಮೊದಲ 8 ಬೈಟ್‌ಗಳು ಹೆಡರ್ (ಒಳಗೆ ಏನಿದೆ ಅನ್ನುವ ಪಟ್ಟಿ) ಎಷ್ಟು ಉದ್ದ ಅಂತ ಹೇಳುತ್ತವೆ. ಆಮೇಲೆ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆದ ಹೆಡರ್: ಪ್ರತಿ ಟೆನ್ಸರ್‌ನ ಹೆಸರು, ಸಂಖ್ಯೆಯ ಬಗೆ, ಆಕಾರ, ಅದು ಎಲ್ಲಿಂದ ಎಲ್ಲಿಯವರೆಗೆ ಇದೆ ಎನ್ನುವುದು. ಉಳಿದದ್ದೆಲ್ಲ ಸಂಖ್ಯೆಗಳೇ. ನಡೆಸುವಂಥದ್ದು ಏನೂ ಇಲ್ಲ. ಈ ಸಂಖ್ಯೆಗಳ ನಡುವೆ ಖಾಲಿ ಜಾಗ ಬಿಡುವಂತಿಲ್ಲ ಅನ್ನುವ ನಿಯಮವೂ ಇದೆ, ಹಾಗಾಗಿ ಏನನ್ನಾದರೂ ಅಲ್ಲಿ ಬಚ್ಚಿಡುವುದು ಕಷ್ಟ.

ತಿದ್ದುವವರಿಗೆ ಇದರಿಂದ ಇನ್ನೊಂದು ಲಾಭವಿದೆ, ನಮಗೆ ತುಂಬ ಖುಷಿ ಕೊಟ್ಟದ್ದು ಇದೇ. 700 ಕೋಟಿ ಸಂಖ್ಯೆಗಳಿರುವ ಮಾಡೆಲ್, ಒಂದಕ್ಕೆ 2 ಬೈಟ್‌ನಂತೆ, ಸುಮಾರು 14 ಜಿಬಿ ಆಗುತ್ತದೆ. ಮೊದಲು ಒಂದು ಟೆನ್ಸರ್‌ನ ಹೆಸರು ಬದಲಿಸಿದರೂ ಅಷ್ಟನ್ನೂ ಮತ್ತೆ ಬರೆಯುತ್ತಿದ್ದೆವು. ಸೇಫ್‌ಟೆನ್ಸರ್ಸ್‌ನಲ್ಲಿ ಹೆಡರ್‌ನ ಕೊನೆಗೆ ಖಾಲಿ ಅಕ್ಷರಗಳನ್ನು ತುಂಬಲು ಅವಕಾಶವಿದೆ. ಹೊಸ ಆವೃತ್ತಿ ಪ್ರತಿ ಫೈಲ್‌ನಲ್ಲೂ ಹಾಗೆ ಸ್ವಲ್ಪ ಜಾಗ ಬಿಡುತ್ತದೆ. ಹೊಸ ಹೆಸರು ಉದ್ದವಾದರೆ ಆ ಜಾಗ ಹಿಡಿದುಕೊಳ್ಳುತ್ತದೆ, ಸಂಖ್ಯೆಗಳು ಕದಲುವುದಿಲ್ಲ. ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಬರೆಯುವಾಗ ನಡುವೆ ಕರೆಂಟ್ ಹೋದರೆ ಅಂತ ಹಳೆಯ ಹೆಡರ್‌ನ ಪ್ರತಿಯನ್ನು ಪಕ್ಕದಲ್ಲೇ ಇಟ್ಟಿರುತ್ತೇವೆ.

ಬದಲಿಸುವಾಗ ಕೆಲವರಿಗೆ ತೊಂದರೆ ಆಗಲಿದೆ. ಹಳೆಯ ಫೈಲನ್ನು ನೆಟ್‌ವರ್ಕ್ ಇಲ್ಲದ, ಬೇರೆ ಫೋಲ್ಡರ್ ಮುಟ್ಟಲಾಗದ ಒಂದು ಪ್ರತ್ಯೇಕ ಪ್ರೊಸೆಸ್‌ನಲ್ಲಿ ಓದುತ್ತೇವೆ. ಅಲ್ಲಿ ಟೆನ್ಸರ್ ಕಟ್ಟಲು ಬೇಕಾದ ಕೆಲವೇ ಫಂಕ್ಷನ್‌ಗಳಿಗೆ ಮಾತ್ರ ಅನುಮತಿ. ಬೇರೆ ಹೆಸರು ಕಂಡರೆ ಕೆಲಸ ನಿಲ್ಲಿಸಿ, ಆ ಹೆಸರನ್ನು ನಿಮಗೆ ತೋರಿಸುತ್ತೇವೆ. ನೀವು ತೂಕಗಳ ಬದಲು ಇಡೀ ಮಾಡೆಲ್ ಆಬ್ಜೆಕ್ಟನ್ನೇ ಸೇವ್ ಮಾಡಿದ್ದರೆ ಇಲ್ಲಿ ನಿಲ್ಲುತ್ತದೆ. ಆಗ ನಿಮ್ಮದೇ ಕೋಡ್‌ನಲ್ಲಿ ಅದನ್ನು ಲೋಡ್ ಮಾಡಿ, ತೂಕಗಳನ್ನು ಮಾತ್ರ ಮತ್ತೆ ಸೇವ್ ಮಾಡಿ ತರಬೇಕು. ಕೆಲಸ ಜಾಸ್ತಿ ಆಗುತ್ತದೆ ಅಂತ ಗೊತ್ತು, ಆದರೂ ಇದರಲ್ಲಿ ಸಡಿಲಿಕೆ ಕೊಡಲು ನಮಗೆ ಮನಸ್ಸಿಲ್ಲ.

ಎರಡನೆಯ ತೊಂದರೆ ಹಂಚಿಕೊಂಡ ತೂಕಗಳದ್ದು. ಎಷ್ಟೋ ಭಾಷಾ ಮಾಡೆಲ್‌ಗಳಲ್ಲಿ ಪದಗಳನ್ನು ಒಳಗೆ ತರುವ ಕೋಷ್ಟಕ ಮತ್ತು ಹೊರಗೆ ಕಳಿಸುವ ಕೋಷ್ಟಕ ಎರಡೂ ಒಂದೇ, ಹೆಸರು ಮಾತ್ರ ಎರಡು. ಸೇಫ್‌ಟೆನ್ಸರ್ಸ್‌ನಲ್ಲಿ ಒಂದೇ ಜಾಗಕ್ಕೆ ಎರಡು ಹೆಸರು ಇರುವಂತಿಲ್ಲ. ಎಡಿಟರ್ ಒಂದನ್ನು ಉಳಿಸಿಕೊಂಡು, ಇನ್ನೊಂದರ ಹೆಸರನ್ನು ಮೆಟಾಡೇಟಾದಲ್ಲಿ (ಫೈಲ್ ಬಗ್ಗೆ ಬರೆದಿಡುವ ಟಿಪ್ಪಣಿಯಲ್ಲಿ) ಬರೆದಿಡುತ್ತದೆ. ಲೋಡ್ ಮಾಡುವಾಗ ಒಂದು ಹೆಸರು ಸಿಗುತ್ತಿಲ್ಲ ಅಂತ ಬಂದರೆ ಮೊದಲು ಅಲ್ಲಿ ನೋಡಿ.

ಫೈಲ್‌ನ ಶಾ-256 ಮೊತ್ತವನ್ನು (ಫೈಲ್‌ಗೆ ಬೆರಳಚ್ಚಿನಂಥ ಗುರುತಿನ ಸಂಖ್ಯೆಯನ್ನು) ದಾಖಲೆಯಲ್ಲಿ ಬರೆದಿಟ್ಟವರು ಗಮನಿಸಿ: ರೂಪ ಬದಲಾದಾಗ ಅದೂ ಬದಲಾಗುತ್ತದೆ. ಒಳಗಿನ ಸಂಖ್ಯೆಗಳು ಒಂದು ಬಿಟ್ ಕೂಡ ಬದಲಾಗಿಲ್ಲ ಅಂತ ತೋರಿಸಲು, ಟೆನ್ಸರ್‌ಗೆ ಒಂದರಂತೆ ಹೋಲಿಕೆಯ ವರದಿಯನ್ನು ಎಡಿಟರ್ ಕೊಡುತ್ತದೆ. ನಿಮ್ಮ ಮೂಲ ಫೈಲನ್ನು ನಾವು ಮುಟ್ಟುವುದೂ ಇಲ್ಲ, ಅಳಿಸುವುದೂ ಇಲ್ಲ.

ಈ ಬದಲಾವಣೆಗೆ ಹೆಚ್ಚಿನ ಹಣ ಇಲ್ಲ. ಹಳೆಯ ಆವೃತ್ತಿ ಬೇಕೇ ಬೇಕು ಅನ್ನುವವರಿಗೆ ಅದು ಸಿಗುತ್ತದೆ, ಆದರೆ ಅದರಲ್ಲಿ ನೀವೇ ಮಾಡಿದ ಫೈಲ್‌ಗಳನ್ನು ಮಾತ್ರ ತೆರೆಯಿರಿ ಅಂತ ಕೇಳಿಕೊಳ್ಳುತ್ತೇವೆ. ಬದಲಿಸುವಾಗ ಎಲ್ಲಾದರೂ ನಿಂತರೆ ತೆರೆಯ ಮೇಲೆ ಬಂದ ಹೆಸರನ್ನು ನಮಗೆ ಬರೆದು ಕಳಿಸಿ. ಫೈಲ್ ಕಳಿಸುವುದು ಬೇಡ.

ಇಂತಿ,
ಎಡಿಟರ್ ತಂಡ